ಕಮಾನು, ಕ್ಲಿಕ್ಕು, ಕ್ಯಾಮೆರಾ: ಸ್ಟ್ರಿಂಗ್ಸ್ ಸೆಷನ್‌ಗೆ ಸದ್ದಿಲ್ಲದ ಕಿಟ್ ಕಟ್ಟಿದ್ದು

ಹೋದ ವರ್ಷ ಒಂದು ಕನ್ನಡ ಸಿನಿಮಾದ ಹಿನ್ನೆಲೆ ಸಂಗೀತದ ರೆಕಾರ್ಡಿಂಗ್ ಚಿತ್ರೀಕರಿಸಲು ಚೆನ್ನೈಗೆ ಹೋಗಿದ್ದೆ. ತೆರೆಮರೆಯ ವಿಡಿಯೋ, ನಾಲ್ಕೈದು ನಿಮಿಷದ್ದು. 32 ಜನ ತಂತಿವಾದ್ಯದವರು ಕೂತಿದ್ದರು. ತುಂಬ ಮೆಲ್ಲನೆಯ ಒಂದು ಕ್ಯೂ, ಅಂದರೆ ಒಂದು ದೃಶ್ಯಕ್ಕೆ ಬರೆದ ಸಂಗೀತದ ತುಣುಕು. ಕೊನೆಯ ಸ್ವರ ಕರಗಿ, ಅದರ ಗುಂಗು ಮುಗಿಯುವ ತನಕ ಯಾರೂ ಅಲುಗಾಡಲಿಲ್ಲ. ಆಮೇಲೆ ಕಂಟ್ರೋಲ್ ರೂಮಿನಿಂದ ಮಾತಾಡುವ ಟಾಕ್‌ಬ್ಯಾಕ್‌ನಲ್ಲಿ ಎಂಜಿನಿಯರ್ ದನಿ ಬಂತು: "ಕೊನೆಯಲ್ಲಿ ಏನೋ ಸದ್ದಿದೆ, ಇನ್ನೊಂದು ತಗೊಳ್ಳೋಣ."

ಆ ಸದ್ದು ನನ್ನ ಕ್ಯಾಮೆರಾದ ಫ್ಯಾನಿನದು. ನಾನೇ ಕೈ ಎತ್ತಿ ಹೇಳಿದೆ, ಕ್ಯಾಮೆರಾ ಆಫ್ ಮಾಡಿದೆ. ಯಾರೂ ಬೈಯಲಿಲ್ಲ. ಆದರೆ 32 ಜನ ಅಷ್ಟು ಚೆನ್ನಾಗಿ ನುಡಿಸಿದ್ದನ್ನು ಮತ್ತೆ ನುಡಿಸಬೇಕಾಯಿತು. ಅದು ಮನಸ್ಸಿನಿಂದ ಹೋಗಲೇ ಇಲ್ಲ.

ಈ ವರ್ಷ ಅದೇ ಸಂಗೀತ ನಿರ್ದೇಶಕರು ಮತ್ತೆ ಕರೆದರು. ಮೂರು ವಾರ ಸಮಯವಿತ್ತು. ಈ ಸಲ ಎರಡು ವಿಷಯ ಸರಿಯಾಗಲೇಬೇಕು ಅಂತ ನಿರ್ಧರಿಸಿದೆ. ಕ್ಯಾಮೆರಾದಿಂದ ಒಂದು ಚೂರೂ ಸದ್ದು ಬರಬಾರದು. ಮತ್ತೆ, ವಿಡಿಯೋದಲ್ಲಿ ಕಾಣುವ ಕಮಾನು, ಕೇಳುವ ಸ್ವರ, ಎರಡೂ ಒಂದೇ ಆಗಿರಬೇಕು. ಎರಡನೆಯದು ಸುಲಭ ಅಂದುಕೊಂಡಿದ್ದೆ. ಅದೇ ಜಾಸ್ತಿ ಕಷ್ಟವಾಯಿತು.

ಮೊದಲ ವಾರ: ರಾತ್ರಿ ಎರಡು ಗಂಟೆಯ ಪರೀಕ್ಷೆ

ಏನನ್ನೂ ಕಟ್ಟುವ ಮೊದಲು ಒಂದು ರಾತ್ರಿ ಪೂರ್ತಿ ಕೇಳುತ್ತಾ ಕೂತೆ. ಫ್ರಿಜ್ ಆಫ್, ಫ್ಯಾನ್ ಆಫ್, ಕಿಟಕಿ ಮುಚ್ಚಿತ್ತು. ಮೇಜಿನ ಮೇಲೆ ಒಂದೊಂದೇ ಸಾಮಾನು ಇಟ್ಟು, ಒಂದು ಮೀಟರ್ ದೂರದಲ್ಲಿ ಕಂಡೆನ್ಸರ್ ಮೈಕ್ ನಿಲ್ಲಿಸಿ, ಗೇನ್ ಪೂರ್ತಿ ಏರಿಸಿ, ಹೆಡ್‌ಫೋನ್ ಹಾಕಿಕೊಂಡೆ.

ಎಷ್ಟೊಂದು ಸದ್ದು! ಕ್ಯಾಮೆರಾದ ಫ್ಯಾನ್ ಗೊತ್ತೇ ಇತ್ತು. ಗೊತ್ತಿಲ್ಲದ್ದು ಉಳಿದವು. ಆಟೋಫೋಕಸ್ ಮೋಟಾರು ಇರುವೆ ಕಾಗದದ ಮೇಲೆ ಹರಿದಾಡಿದ ಹಾಗೆ ಕೆರೆಯುತ್ತಿತ್ತು. ಕ್ಯಾಮೆರಾದ ಒಳಗೆ ಸೆನ್ಸರ್ ಅಲುಗದಂತೆ ಹಿಡಿಯುವ ಸ್ಟೆಬಿಲೈಸರ್ ಮೆಲ್ಲಗೆ ಗುನುಗುತ್ತಿತ್ತು. ಫ್ಯಾನ್ ಇಲ್ಲದ ಎಲ್‌ಇಡಿ ಲೈಟ್ ಒಳ್ಳೆಯದು ಅಂದುಕೊಂಡಿದ್ದೆ. ಅದರ ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಟ್ರೈಪಾಡ್ ತಲೆ ತಿರುಗಿಸಿದರೆ ಒಂದು ಜಾಗದಲ್ಲಿ ಟಿಕ್. ನನ್ನ ಜಾಕೆಟ್ಟಿನ ತೋಳು ಕೂಡ ಸರಸರ ಅಂತಿತ್ತು.

ಇದೆಲ್ಲ ಸ್ಟುಡಿಯೋದಲ್ಲಿ ಯಾಕೆ ಅಷ್ಟು ದೊಡ್ಡದಾಗಿ ಕೇಳುತ್ತದೆ ಅಂದರೆ, ಅಲ್ಲಿನ ಮೈಕುಗಳೇ ಹಾಗಿವೆ. ಕಂಡಕ್ಟರ್ ತಲೆಯ ಮೇಲೆ ಸುಮಾರು ಮೂರು ಮೀಟರ್ ಎತ್ತರದಲ್ಲಿ ಇಂಗ್ಲಿಷಿನ ಟಿ ಆಕಾರದ ಕಂಬಿಗೆ ಮೂರು ಮೈಕ್ ಕಟ್ಟಿರುತ್ತಾರೆ. ಡೆಕ್ಕಾ ಟ್ರೀ ಅನ್ನುತ್ತಾರೆ. 1950ರ ದಶಕದಲ್ಲಿ ಲಂಡನ್ನಿನ ಡೆಕ್ಕಾ ಕಂಪನಿಯ ಎಂಜಿನಿಯರುಗಳು ಶುರು ಮಾಡಿದ ಪದ್ಧತಿ. ಆ ಮೂರೂ ಸುತ್ತಲಿನ ಸದ್ದನ್ನೆಲ್ಲ ಹಿಡಿಯುವ ಮೈಕುಗಳು. ಮುಂದಿರುವ ವಯಲಿನ್ನು, ಹಿಂದಿರುವ ಕ್ಯಾಮೆರಾ ಅಂತ ಭೇದ ಇಲ್ಲ. ಇದರ ಜೊತೆ ಪ್ರತಿ ಗುಂಪಿಗೂ ಹತ್ತಿರದ ಮೈಕ್ ಬೇರೆ. ಆಮೇಲೆ ಮಿಕ್ಸ್ ಮಾಡುವಾಗ ಮೆಲ್ಲನೆಯ ಕ್ಯೂಗಳನ್ನು ಮೇಲಕ್ಕೆ ಎತ್ತುತ್ತಾರೆ. ಸ್ವರದ ಜೊತೆ ನನ್ನ ಫ್ಯಾನೂ ಮೇಲೆ ಬರುತ್ತದೆ.

ಲಂಡನ್ನಿನ ಏರ್ ಸ್ಟುಡಿಯೋಸ್‌ನ ಲಿಂಡ್‌ಹರ್ಸ್ಟ್ ಹಾಲ್ ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಸುತ್ತ ಎತ್ತರದಲ್ಲಿ ಗ್ಯಾಲರಿಗಳಿವೆ, ಕ್ಯಾಮೆರಾವನ್ನು ದೂರ ಇಟ್ಟು ಚಿತ್ರೀಕರಿಸಬಹುದು. ನನಗೆ ಸಿಕ್ಕ ಹಾಲ್‌ನಲ್ಲಿ ಅಷ್ಟು ಜಾಗ ಇಲ್ಲ. ಕ್ಯಾಮೆರಾ ಚೆಲ್ಲೊದವರ ಪಕ್ಕದಲ್ಲೇ ನಿಲ್ಲಬೇಕು.

ಕಂಬಳಿಯ ಕೋಟು

ಫ್ಯಾನ್ ಇರುವ ಕ್ಯಾಮೆರಾಗೆ ಒಂದು ಕೋಟು ಹೊಲಿಸೋಣ ಅನ್ನಿಸಿತು. ಹಳೆಯ ಫಿಲ್ಮ್ ಕ್ಯಾಮೆರಾಗಳಿಗೆ ಹೀಗೇ ಹೊದಿಸುತ್ತಿದ್ದರು. ಊರಿಂದ ತಂದ ಕುರಿ ಕಂಬಳಿ ಮನೆಯಲ್ಲಿತ್ತು. ಒರಟು, ದಪ್ಪ, ಸದ್ದು ಕುಡಿಯುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಾಗಿಲೊಳಗೆ ಅಂಟಿಸುವ ಭಾರದ ರಬ್ಬರ್ ಶೀಟ್ ಸಿಗುತ್ತದೆ. ಎರಡು ಪದರ ಕಂಬಳಿ, ನಡುವೆ ಆ ಶೀಟು. ನಮ್ಮ ಬೀದಿಯ ಟೈಲರ್ ಎರಡು ದಿನದಲ್ಲಿ ಚೆನ್ನಾಗಿ ಹೊಲಿದು ಕೊಟ್ಟರು. ಲೆನ್ಸಿಗೆ ಒಂದು ಕಿಂಡಿ, ಕೇಬಲ್ಲಿಗೆ ಒಂದು ಕಿಂಡಿ.

ಸದ್ದು ನಿಜಕ್ಕೂ ಕಡಿಮೆಯಾಯಿತು. ಮೊದಲ ಹತ್ತು ನಿಮಿಷ ಮಾತ್ರ. ಆಮೇಲೆ ಒಳಗೆ ಬಿಸಿ ಏರಿ ಫ್ಯಾನ್ ಇನ್ನೂ ಜೋರಾಗಿ ತಿರುಗತೊಡಗಿತು. 22ನೇ ನಿಮಿಷಕ್ಕೆ ಕ್ಯಾಮೆರಾ ತಾನೇ ನಿಂತಿತು. ಗಾಳಿ ಹೋಗಲು ಹಿಂದೆ ಒಂದು ಕಿಂಡಿ ಬಿಚ್ಚಿದೆ. ಅದೇ ಕಿಂಡಿಯಿಂದ ಸದ್ದೂ ಹೊರಗೆ ಬಂತು. ಗಾಳಿಗೆ ದಾರಿ ಬಿಟ್ಟರೆ ಸದ್ದಿಗೂ ದಾರಿ ಬಿಟ್ಟ ಹಾಗೆ. ಮಡಚಿ ಮಡಚಿ ದಾರಿ ಮಾಡಿದ ಪೆಟ್ಟಿಗೆ ಕಟ್ಟಬಹುದು, ಆದರೆ ಅದು ಟಿವಿ ಗಾತ್ರ ಆಗುತ್ತದೆ. ಚೆಲ್ಲೊದವರ ಪಕ್ಕ ಅದನ್ನು ಇಡುವುದಕ್ಕೆ ಆಗುವುದಿಲ್ಲ.

ಹಾಗಾಗಿ ಫ್ಯಾನೇ ಇಲ್ಲದ ಕ್ಯಾಮೆರಾಗೆ ಹೋದೆ. ಪ್ಯಾನಾಸಾನಿಕ್ ಜಿಎಚ್5 ಮೂರು. ಒಂದು ಗೆಳೆಯನದು, ಎರಡು ಬಾಡಿಗೆಯವು. ಹಳೆಯ ಮಾಡೆಲ್ಲೇ, ಕತ್ತಲಲ್ಲಿ ಹೊಸವುಗಳಷ್ಟು ಚೆನ್ನಾಗಿ ಕಾಣುವುದಿಲ್ಲ. ಆದರೆ ಫ್ಯಾನ್ ಇಲ್ಲ, ರೆಕಾರ್ಡಿಂಗಿಗೆ ಸಮಯದ ಮಿತಿ ಇಲ್ಲ, ಫ್ರೇಮ್ ರೇಟನ್ನು ಸೆಕೆಂಡಿಗೆ ಸರಿಯಾಗಿ 24ಕ್ಕೆ ಇಡಬಹುದು. ಈ ಕೆಲಸಕ್ಕೆ ಈ ಮೂರೇ ಮುಖ್ಯ. ಫೋಕಸ್ ಕೈಯಲ್ಲಿ, ಸ್ಟೆಬಿಲೈಸರ್ ಆಫ್, ಬೀಪ್ ಆಫ್. ಲೈಟ್ ಒಯ್ಯುವುದೇ ಬೇಡ ಅಂತ ಬಿಟ್ಟೆ.

ಕಂಬಳಿ ಕೋಟು ಹಾಳಾಗಲಿಲ್ಲ. ಅಂಗೈ ಅಗಲದ ಚೌಕಗಳಾಗಿ ಕತ್ತರಿಸಿದೆ. ಟ್ರೈಪಾಡಿನ ಪ್ರತಿ ಕಾಲಿನ ಕೆಳಗೆ ಒಂದು. ಮರದ ನೆಲದ ಮೇಲೆ ಅದಕ್ಕಿಂತ ಒಳ್ಳೆಯ ಪಾದ ಇಲ್ಲ. ಇವತ್ತಿಗೂ ಅದೇ ಬಳಸುತ್ತಿದ್ದೇನೆ.

ಎರಡನೇ ವಾರ: ಟೈಮ್‌ಕೋಡ್ ಕೇಬಲ್

ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಹೊಂದಿಸುವ ವಿಷಯಕ್ಕೆ ಬಂದೆ. ಹೋದ ವರ್ಷ ಕ್ಯಾಮೆರಾದ ಮೈಕಿನ ಸದ್ದನ್ನು ಸ್ಟುಡಿಯೋದ ಟ್ರ್ಯಾಕಿಗೆ ಕಿವಿಯಲ್ಲಿ ಹೊಂದಿಸಿದ್ದೆ. ದೂರದ ಕ್ಯಾಮೆರಾದ ದೃಶ್ಯದಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಲೇ ಇತ್ತು. ಆಮೇಲೆ ಲೆಕ್ಕ ಹಾಕಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 24 ಫ್ರೇಮಿನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಅಷ್ಟರಲ್ಲಿ ಸದ್ದು ಹೋಗುವುದು 14 ಮೀಟರ್. ಹತ್ತು ಮೀಟರ್ ಹಿಂದೆ ಇಟ್ಟ ಕ್ಯಾಮೆರಾ ಸದ್ದನ್ನು ಮುಕ್ಕಾಲು ಫ್ರೇಮಿನಷ್ಟು ತಡವಾಗಿ ಕೇಳುತ್ತದೆ. ಸ್ಟುಡಿಯೋದ ಮೈಕ್ ಇರುವುದು ವಾದ್ಯದ ಹತ್ತಿರ. ಈ ವ್ಯತ್ಯಾಸವನ್ನು ಎಲ್ಲರೂ ಗುರುತಿಸಲಿಕ್ಕಿಲ್ಲ. ಪಿಟೀಲು ನುಡಿಸುವವರು ಗುರುತಿಸುತ್ತಾರೆ.

ಅದಕ್ಕೆ ಟೈಮ್‌ಕೋಡ್ ಬೇಕಾಯಿತು, ಅಂದರೆ ಪ್ರತಿ ಫ್ರೇಮಿಗೂ ಒಂದು ಸಮಯದ ಗುರುತು. ಅದರಲ್ಲಿ ಎಲ್‌ಟಿಸಿ ಅಂದರೆ ಆ ಸಮಯವನ್ನೇ ಸದ್ದಾಗಿ ಬರೆದದ್ದು. ಕೇಳಿದರೆ ಹಳೆಯ ಫ್ಯಾಕ್ಸ್ ಕಿರುಚಿದ ಹಾಗೆ ಇರುತ್ತದೆ. ಟೈಮ್‌ಕೋಡ್ ಹೊರಡಿಸುವ ಚಿಕ್ಕ ಪೆಟ್ಟಿಗೆಗಳನ್ನು ಕ್ಯಾಮೆರಾಗೆ ಕಟ್ಟಿ ಗಡಿಯಾರದ ಸಮಯ ಕೊಡುವುದು ಸಾಮಾನ್ಯ ಪದ್ಧತಿ. ನಾನು ಬೇರೆ ಕೇಳಿಕೊಂಡೆ. ಸ್ಟುಡಿಯೋದವರು ರೆಕಾರ್ಡಿಂಗಿಗೆ ಬಳಸುವ ಪ್ರೋ ಟೂಲ್ಸ್ ಸಾಫ್ಟ್‌ವೇರಿನ ಸೆಷನ್ನಿನಲ್ಲೇ ಒಂದು ಟ್ರ್ಯಾಕಿಗೆ ಎಲ್‌ಟಿಸಿ ಫೈಲ್ ಹಾಕಿ, ಒಂದು ಖಾಲಿ ಔಟ್‌ಪುಟ್‌ನಿಂದ ನನಗೆ ಕೊಡಿ ಅಂದೆ. ಎಂಜಿನಿಯರ್ ಒಪ್ಪಿದರು. ಹೀಗೆ ಮಾಡಿದರೆ ಕ್ಯಾಮೆರಾ ಬರೆದುಕೊಳ್ಳುವುದು ಗಂಟೆ ಎಷ್ಟು ಅಂತ ಅಲ್ಲ, ಆ ಕ್ಷಣ ಸಂಗೀತದ ಎಷ್ಟನೇ ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ನಡೆಯುತ್ತಿದೆ ಅಂತ. ಎಲ್ಲ ಟೇಕುಗಳೂ ಒಂದೇ ಅಳತೆಗೋಲಿನ ಮೇಲೆ ಕೂರುತ್ತವೆ.

ಜಿಎಚ್5ರ ಮೈಕ್ ಸಾಕೆಟ್ಟಿಗೆ ಎಡ ಚಾನೆಲ್ಲಿನಲ್ಲಿ ಎಲ್‌ಟಿಸಿ, ಬಲದಲ್ಲಿ ಒಂದು ಚಿಕ್ಕ ಮೈಕ್ ಹಾಕಬೇಕು. ಮೈಕ್ ಇರುವುದರಿಂದ ಸಾಕೆಟ್ಟನ್ನು ಲೈನ್‌ಗೆ, ಅಂದರೆ ಜೋರು ಸಿಗ್ನಲ್ಲಿಗೆ, ಬದಲಿಸುವ ಹಾಗಿಲ್ಲ. ಸ್ಟುಡಿಯೋದಿಂದ ಬರುವುದು ಲೈನ್ ಮಟ್ಟ, ಮೈಕಿಗೆ ತುಂಬ ಜಾಸ್ತಿ. ಅದಕ್ಕೆ ಕೇಬಲ್ಲಿನಲ್ಲೇ ಒಂದು ಪ್ಯಾಡ್, ಅಂದರೆ ಸಿಗ್ನಲ್ ತಗ್ಗಿಸುವ ಸಣ್ಣ ಜೋಡಣೆ, ಕಟ್ಟಿದೆ. ದಾರಿಯಲ್ಲಿ 10 ಕಿಲೋ ಓಮ್ ರೆಸಿಸ್ಟರ್, ಅದರ ಆಚೆ ಗ್ರೌಂಡಿಗೆ 100 ಓಮ್. ಸಿಗ್ನಲ್ 40 ಡೆಸಿಬೆಲ್ ಇಳಿಯುತ್ತದೆ. ಮೈಕಿಗಾಗಿ ಕ್ಯಾಮೆರಾ ಕೊಡುವ ಸಣ್ಣ ವೋಲ್ಟೇಜ್ ಈ ಕಡೆ ಹರಿಯದ ಹಾಗೆ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಎಲ್ಲ ಎಸ್‌.ಪಿ. ರಸ್ತೆಯ ಸಾಮಾನು. ಮೂರು ಕೇಬಲ್, ಒಂದು ಸಂಜೆಯ ಬೆಸುಗೆ.

ಮೊದಲ ಕೇಬಲ್ಲಿನಲ್ಲಿ ಎಡದ ಕಿರುಚಾಟ ಬಲದ ಮೈಕಿನಲ್ಲೂ ಮೆಲ್ಲಗೆ ಕೇಳುತ್ತಿತ್ತು. ಎರಡಕ್ಕೂ ಒಂದೇ ತೆಳುವಾದ ವೈರ್ ಬಳಸಿದ್ದೆ. ಒಂದೊಂದಕ್ಕೂ ಬೇರೆ ಬೇರೆ ಶೀಲ್ಡ್ ಇರುವ ವೈರ್ ಹಾಕಿದ ಮೇಲೆ ಹೋಯಿತು. ಈ ಎಚ್ಚರಿಕೆಯನ್ನು ಇನ್ನೂ ಗಟ್ಟಿಯಾಗಿ ಮನಸ್ಸಿಗೆ ತಗೊಳ್ಳಬೇಕಿತ್ತು. ಸೆಷನ್ ದಿನ ಗೊತ್ತಾಯಿತು.

ಒಂದು ಸುಲಭದ ದಾರಿ ಕಣ್ಣೆದುರೇ ಇತ್ತು. ಪ್ರತಿ ಡೆಸ್ಕಿನ, ಅಂದರೆ ಇಬ್ಬರು ಹಂಚಿಕೊಳ್ಳುವ ಸ್ಟ್ಯಾಂಡಿನ, ಹತ್ತಿರ ಹೆಡ್‌ಫೋನಿನ ಚಿಕ್ಕ ಮಿಕ್ಸರ್ ಪೆಟ್ಟಿಗೆ ಇರುತ್ತದೆ. ಅದರ ಖಾಲಿ ಚಾನೆಲ್ಲಿಗೆ ಎಲ್‌ಟಿಸಿ ಕೊಟ್ಟರೆ ಎಲ್ಲೆಂದರಲ್ಲಿ ಸಿಗುತ್ತದೆ, ಉದ್ದದ ಕೇಬಲ್ಲೇ ಬೇಡ. ಬೇಡವೆಂದೆ. ಯಾರಾದರೂ ಗೊತ್ತಿಲ್ಲದೆ ಆ ಗುಂಡಿ ತಿರುಗಿಸಿದರೆ ಕಿರುಚಾಟ ನೇರ ಕಿವಿಗೆ ಹೋಗುತ್ತದೆ. ಕಿವಿಯನ್ನೇ ನಂಬಿ ಬದುಕುವವರು ಅವರು. ಗೋಡೆಯ ಪಕ್ಕ 20 ಮೀಟರ್ ಕೇಬಲ್ ಎಳೆಯುವುದೇ ಸರಿ.

ಸೆಷನ್ ದಿನ

ಏಳು ಗಂಟೆಗೆ ಒಳಗಿದ್ದೆ. ಚಪ್ಪಲಿ ಹೊರಗೆ, ಕಾಲಿಗೆ ಸಾಕ್ಸ್, ಮೈಮೇಲೆ ಹಳೆಯ ಹತ್ತಿ ಶರ್ಟು. ಫೋನ್ ಕಾರಿನಲ್ಲೇ ಬಿಟ್ಟಿದ್ದೆ. ಕನ್ನಡ ಸಿನಿಮಾ ಹಾಡುಗಳು ಮದರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದ ಕಾಲವಿತ್ತು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಹಾಡುಗಳಲ್ಲಿ ಕೇಳುವ ಆ ವಯಲಿನ್ ಗುಂಪು ಈ ಊರಿನದು. ಖಾಲಿ ಕುರ್ಚಿಗಳ ನಡುವೆ ಟೇಪ್ ಅಂಟಿಸುವಾಗ ಅದು ನೆನಪಾಗುತ್ತಿತ್ತು.

ಮೊದಲ ವಯಲಿನ್ 10, ಎರಡನೇ ವಯಲಿನ್ 8, ವಯಲಿನ್ನಿಗಿಂತ ತುಸು ದೊಡ್ಡದಾದ ವಿಯೋಲಾ 6, ಚೆಲ್ಲೊ 6, ಡಬಲ್ ಬೇಸ್ 2. ಒಂದು ಕ್ಯಾಮೆರಾ ಚೆಲ್ಲೊಗಳ ಹಿಂದೆ, ಕಂಡಕ್ಟರ್ ಮುಖಕ್ಕೆ. ಎತ್ತರವನ್ನು ಮ್ಯೂಸಿಕ್ ಸ್ಟ್ಯಾಂಡಿಗಿಂತ ಕೆಳಗೆ ಇಟ್ಟೆ, ಯಾರ ಕಣ್ಣಿಗೂ ಕಂಡಕ್ಟರ್ ಕೈ ಮರೆಯಾಗಬಾರದು. ಇನ್ನೊಂದು ಮೂಲೆಯಲ್ಲಿ, ಎತ್ತರದಲ್ಲಿ. ಮೂರನೆಯದು ಲೀಡರ್, ಅಂದರೆ ಮೊದಲ ವಯಲಿನ್ನಿನ ಮುಖ್ಯಸ್ಥರ, ಡೆಸ್ಕಿನ ಪಕ್ಕ. ಕೆಂಪು ದೀಪ ಹತ್ತಿದರೆ ನಾನು ನಿಂತಲ್ಲೇ ನಿಲ್ಲುತ್ತೇನೆ. ಇದೊಂದೇ ನಿಯಮ.

ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ವಿಡಿಯೋದಲ್ಲಿ ದೀಪ ಮಿನುಗದಿರಲಿ ಅಂತ ಶಟರ್ ವೇಗ 1/50 ಸೆಕೆಂಡಿಗೆ ಇಟ್ಟೆ. ಆದರೂ ಸ್ಟ್ಯಾಂಡ್ ಲೈಟುಗಳಲ್ಲಿ ಒಂದು ಮಾತ್ರ ಮಿನುಗುತ್ತಿತ್ತು. ಅದರ ಬದಲು ಬ್ಯಾಟರಿಯ ಲೈಟ್ ಸಿಕ್ಕಿಸಿದೆ.

ಮೊದಲ ಎರಡು ಕ್ಯೂ ಚೆನ್ನಾಗಿ ಹೋದವು. ಮೂರನೆಯದು 3ಎಂ2, ಅಂದರೆ ಮೂರನೇ ರೀಲಿನ ಎರಡನೇ ತುಣುಕು. ವಿಯೋಲಾಗಳು ಒಂಟಿಯಾಗಿ ಶುರು ಮಾಡುವ ಮೆಲ್ಲನೆಯ ಕ್ಯೂ. ಎರಡನೇ ಟೇಕಿನ ನಂತರ ಎಂಜಿನಿಯರ್ ಹೊರಗೆ ಬಂದು ನನ್ನ ಹತ್ತಿರವೇ ಬಂದರು. ವಿಯೋಲಾ ಮೈಕಿನಲ್ಲಿ ಬಹಳ ಸಣ್ಣಗೆ ಕಿರ್ ಅಂತಿದೆ ಅಂದರು. ಎದೆ ಧಸಕ್ ಅಂದಿತು.

ಎಲ್‌ಟಿಸಿಯಲ್ಲಿ ಒಂದು ಫ್ರೇಮಿಗೆ 80 ಬಿಟ್. 24 ಫ್ರೇಮಿಗೆ ಸೆಕೆಂಡಿಗೆ 1920 ಬಿಟ್. ಅದರ ಸದ್ದು 960ರಿಂದ 1920 ಹರ್ಟ್ಸ್ ನಡುವೆ ಕೂರುತ್ತದೆ. ವಯಲಿನ್, ವಿಯೋಲಾಗಳ ಮೇಲಿನ ಸ್ವರಗಳ ಜಾಗವೂ ಅದೇ. ಸೋರಿದರೆ ಮುಚ್ಚಿಡಲು ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. ನನ್ನ ಉದ್ದದ ಕೇಬಲ್ ವಿಯೋಲಾ ಮೈಕಿನ ಕೇಬಲ್ಲಿಗೆ ಅಂಟಿಕೊಂಡ ಹಾಗೆ ಐದಾರು ಮೀಟರ್ ಪಕ್ಕಪಕ್ಕ ಓಡಿತ್ತು. ಅದು ಬ್ಯಾಲೆನ್ಸ್ಡ್ ಕೇಬಲ್ಲೂ, ಅಂದರೆ ಎರಡು ವೈರಿನಲ್ಲಿ ಸಿಗ್ನಲ್ ಒಯ್ದು ಸೋರಿಕೆ ತಡೆಯುವ ಕೇಬಲ್ಲೂ, ಆಗಿರಲಿಲ್ಲ. ಮೈಕಿನ ಸಿಗ್ನಲ್ ತೀರಾ ಸಣ್ಣದು, ನನ್ನದು ಅದರ ಮುಂದೆ ದೊಡ್ಡದು.

ಟೀ ಬ್ರೇಕ್ ಕೊಟ್ಟರು. ಹದಿನೈದು ನಿಮಿಷ. ಸ್ಟುಡಿಯೋದ ಮೈಕ್ ಕೇಬಲ್ ಎರಡು ಸಾಲ ಪಡೆದು ಉದ್ದದ ದಾರಿ ಪೂರ್ತಿ ಬ್ಯಾಲೆನ್ಸ್ಡ್ ಮಾಡಿದೆ. ಕ್ಯಾಮೆರಾ ತುದಿಯಲ್ಲಿ ಅವರದೇ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಅಲ್ಲಿಂದ ನನ್ನ ಪ್ಯಾಡ್ ಕೇಬಲ್. ಔಟ್‌ಪುಟ್ ಮಟ್ಟವನ್ನು 20 ಡೆಸಿಬೆಲ್ ಇಳಿಸಿದರು. ಮೈಕ್ ಕೇಬಲ್ ದಾಟಲೇಬೇಕಾದ ಒಂದೇ ಜಾಗದಲ್ಲಿ ಅಡ್ಡಡ್ಡ, ನೇರ ಕೋನದಲ್ಲಿ ದಾಟಿಸಿದೆ. ಎಂಜಿನಿಯರ್ ಆ ಮೈಕನ್ನು ಒಂಟಿಯಾಗಿ ಕೇಳಿದರು, ಗೇನ್ ಏರಿಸಿ ಮತ್ತೆ ಕೇಳಿದರು. ತಲೆಯಾಡಿಸಿದರು. ಕ್ಯಾಮೆರಾದಲ್ಲಿ ಎಲ್‌ಟಿಸಿ ಮಟ್ಟ ಕೆಳಗಿತ್ತು, ಆದರೆ ಓದಲು ಸಾಕಷ್ಟು ಸ್ಪಷ್ಟವಾಗಿತ್ತು. ಅದನ್ನು ನಾನು ಮನೆಯಲ್ಲೇ 20 ಡೆಸಿಬೆಲ್ ಇಳಿಸಿ ನೋಡಿದ್ದರೆ ಈ ಟೀ ಬ್ರೇಕ್ ಅವರಿಗೆ ನೆಮ್ಮದಿಯಾಗಿ ಸಿಗುತ್ತಿತ್ತು.

ಆ ದಿನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಮೂರನೇ ಟೇಕಿನ ನಂತರ ಲೀಡರ್ ಎದ್ದು ಹಿಂದೆ ತಿರುಗಿದರು. ಹದಿನೇಳನೇ ಬಾರ್ ಮೇಲ್ಮುಖ ಕಮಾನಿನಲ್ಲಿ ಶುರು ಮಾಡೋಣ ಅಂದರು. ಕಮಾನನ್ನು ಗಾಳಿಯಲ್ಲಿ ಎಳೆದು ತೋರಿಸಿದರು. ಹದಿನೆಂಟು ವಯಲಿನ್ನುಗಳು ಮಡಿಲಿಗೆ ಇಳಿದವು. ಸ್ಟ್ಯಾಂಡ್ ಅಂಚಿನಿಂದ ಪೆನ್ಸಿಲ್‌ಗಳು ಬಂದವು. ಎರಡು ಜನಕ್ಕೆ ಒಂದು ಸ್ಟ್ಯಾಂಡ್, ಒಳಗಡೆ ಕೂತವರೇ ಬರೆಯುವುದು. ಹಳೆಯ ಗುರುತು ಅಳಿಸಿ, ರಬ್ಬರಿನ ಪುಡಿ ಊದಿ, ಸ್ವರದ ಮೇಲೆ ಸಣ್ಣದೊಂದು ವಿ ಗುರುತು. ಹತ್ತು ಸೆಕೆಂಡ್ ಆಗಿರಬಹುದು. ಮುಂದಿನ ಟೇಕಿನಲ್ಲಿ ಆ ಬಾರ್ ಬಂದಾಗ ಸ್ವರ ತುದಿಯಿಂದ ಮೆಲ್ಲನೆ ಊದಿಕೊಂಡು ಬಂತು. ಮೊದಲು ಅದು ನೇರ ಬಂದು ಕೂರುತ್ತಿತ್ತು. ನನಗೆ ನೋಟೇಶನ್ ಓದಲು ಅಷ್ಟಾಗಿ ಬರುವುದಿಲ್ಲ, ಆದರೂ ಈ ವ್ಯತ್ಯಾಸ ಮೈಗೆ ತಾಗಿತು.

ಎಡಿಟಿಂಗ್

ಮೂಲೆಯ ಕ್ಯಾಮೆರಾ ಊಟದ ತನಕ ನಿಲ್ಲಿಸದೆ ಓಡಿತ್ತು. ಎಲ್‌ಟಿಸಿ ಮಾತ್ರ ಪ್ರತಿ ಟೇಕಿಗೂ ಹಿಂದಕ್ಕೆ ಹಾರುತ್ತದೆ. ಒಂದು ಕ್ಲಿಪ್ಪಿಗೆ ಒಂದೇ ಟೈಮ್‌ಕೋಡ್ ಅಂದುಕೊಳ್ಳುವ ಎಡಿಟಿಂಗ್ ಸಾಫ್ಟ್‌ವೇರಿಗೆ ಇದು ಅರ್ಥವಾಗುವುದಿಲ್ಲ. ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರಿನಿಂದ ಎಡ ಚಾನೆಲ್ಲಿನ ಸದ್ದು ಬೇರ್ಪಡಿಸಿ, ಎಲ್‌ಟಿಸಿಡಂಪ್ ಅನ್ನುವ ಉಚಿತ ಟೂಲಿಗೆ ಕೊಟ್ಟೆ. ಎಲ್ಲೆಲ್ಲಿ ಟೈಮ್‌ಕೋಡ್ ತುಂಡಾಗಿದೆ ಅಂತ ಪಟ್ಟಿ ಕೊಡುತ್ತದೆ. ಆ ಜಾಗಗಳಲ್ಲಿ ಕ್ಲಿಪ್ ಕತ್ತರಿಸಿದೆ. ಪ್ರತಿ ಟೇಕೂ ತನ್ನ ಬಾರಿನ ಮೇಲೆ ತಾನೇ ಹೋಗಿ ಕೂತಿತು. ಇದನ್ನು ನೋಡಿ ನನಗಾದ ಖುಷಿ ಹೇಳತೀರದು.

ಮತ್ತೆ ಅಲ್ಲೇ ತಪ್ಪು ಮಾಡುವವನಿದ್ದೆ. ಎಲ್ಲರೂ ಕಿವಿಯಲ್ಲಿ ಒಂದೇ ಕ್ಲಿಕ್ಕಿಗೆ, ಅಂದರೆ ಹೆಡ್‌ಫೋನಿನಲ್ಲಿ ಬರುವ ತಾಳದ ಟಿಕ್ ಟಿಕ್ ಸದ್ದಿಗೆ, ನುಡಿಸುವುದರಿಂದ ಎಲ್ಲ ಟೇಕಿನ ಲಯ ಒಂದೇ. ಎರಡನೇ ಟೇಕಿನ ಚಿತ್ರವನ್ನು ನಾಲ್ಕನೇ ಟೇಕಿನ ಸದ್ದಿನ ಮೇಲೆ ಇಟ್ಟರೂ ಸರಿಯಾಗಿ ಕೂರುತ್ತದೆ. ಲೀಡರ್ ಡೆಸ್ಕಿನ ಪಕ್ಕದ ಕ್ಯಾಮೆರಾದಲ್ಲಿ ಎರಡನೇ ಟೇಕಿನ ಒಂದು ದೃಶ್ಯವಂತೂ ತುಂಬ ಚೆಂದ ಬಂದಿತ್ತು. ಕಮಾನಿನ ಹಿಂದಿನಿಂದ ಸ್ಟ್ಯಾಂಡ್ ಲೈಟ್, ಗಾಳಿಯಲ್ಲಿ ರಾಳದ ಪುಡಿ. ಅದನ್ನೇ ಹಾಕಿದೆ. ನಾಲ್ಕನೇ ಸಲ ನೋಡುವಾಗ ಹದಿನೇಳನೇ ಬಾರ್ ಬಂತು. ಸದ್ದಿನಲ್ಲಿ ಆ ಊದಿಕೊಂಡು ಬರುವ ಸ್ವರ. ಚಿತ್ರದಲ್ಲಿ ಕಮಾನು ಕೆಳಗಿಳಿಯುತ್ತಿತ್ತು.

ಆ ದೃಶ್ಯ ತೆಗೆದೆ. ಬೇಜಾರಾಯಿತು, ಆದರೂ ತೆಗೆದೆ. ಲೀಡರ್ ಎದ್ದು ನಿಂತು ಬದಲಿಸಿದ್ದನ್ನು, ಅಷ್ಟು ಜನ ಪೆನ್ಸಿಲ್ಲಿನಲ್ಲಿ ಬರೆದುಕೊಂಡದ್ದನ್ನು ನಾನು ಸುಮ್ನೆ ಅಳಿಸಿಬಿಟ್ಟ ಹಾಗೆ ಆಗುತ್ತಿತ್ತು.

ಆಮೇಲೆ ಇನ್ನೊಂದು ಹೊಳೆಯಿತು. ಸಿನಿಮಾಕ್ಕೆ ಹೋಗುವ ಕೊನೆಯ ಸದ್ದು ಒಂದೇ ಟೇಕಿನದಲ್ಲ. ಎಂಜಿನಿಯರಿಗೆ ಬರೆದು ಯಾವ ಬಾರ್ ಯಾವ ಟೇಕಿನಿಂದ ಬಂದಿದೆ ಅಂತ ಪಟ್ಟಿ ಕೇಳಿದೆ. 3ಎಂ2ಗೆ ಬಂದ ಉತ್ತರ ಹೀಗಿತ್ತು: 1ರಿಂದ 16ನೇ ಬಾರ್ ಐದನೇ ಟೇಕ್, 17ರಿಂದ 30 ನಾಲ್ಕನೇ ಟೇಕ್, ಉಳಿದದ್ದು ಮತ್ತೆ ಐದು. ಆ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಯಾವ ಟೇಕಿನ ಸದ್ದೋ ಅದೇ ಟೇಕಿನ ಚಿತ್ರ ಮಾತ್ರ ಬಳಸಿ ಪೂರ್ತಿ ಮತ್ತೆ ಕಟ್ಟಿದೆ. ನಾಲ್ಕು ನಿಮಿಷಕ್ಕೆ ಆರು ದಿನ ಹಿಡಿಯಿತು. ಸಿನಿಮಾ ಇನ್ನೂ ಬಿಡುಗಡೆಯಾಗಿಲ್ಲ. ಹಾಗಾಗಿ ಪರದೆಯ ದೃಶ್ಯ ಕಾಣುವ ಜಾಗಗಳನ್ನೂ, ಸ್ಟ್ಯಾಂಡಿನ ಮೇಲಿನ ಹಾಳೆಯಲ್ಲಿ ಹೆಸರು ಕಾಣುವ ಎರಡು ಫ್ರೇಮುಗಳನ್ನೂ ತೆಗೆಯಬೇಕಾಯಿತು.

ಒಂದು ಷರತ್ತು ಮೊದಲೇ ಹಾಕಿದ್ದೆ: ಕೊನೆಯಲ್ಲಿ 32 ಜನರ ಹೆಸರೂ ಬರಬೇಕು, ಓದಲು ಆಗುವಷ್ಟು ಹೊತ್ತು. ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಎಷ್ಟೋ ಸಲ ಸ್ಟ್ರಿಂಗ್ಸ್ ಅಂತ ಒಂದೇ ಪದ ಇರುತ್ತದೆ, ಅಲ್ವಾ? ಪಟ್ಟಿಯನ್ನು ಒಬ್ಬೊಬ್ಬರ ಹತ್ತಿರವೂ ಹೋಗಿ, ಕಾಗುಣಿತ ಕೇಳಿ ಬರೆದುಕೊಂಡಿದ್ದೆ. ಹೆಸರುಗಳ ಹಿಂದೆ ಓಡುವ ದೃಶ್ಯ ಸೆಷನ್ ಮುಗಿದ ಮೇಲಿನದು. ಕೆಂಪು ದೀಪ ಆರಿದೆ, ಎಲ್ಲರೂ ಮೆತ್ತನೆಯ ಬಟ್ಟೆಯಲ್ಲಿ ತಂತಿಯ ಮೇಲಿನ ರಾಳ ಒರೆಸುತ್ತಿದ್ದಾರೆ. 32 ವಾದ್ಯಗಳಿಂದ ಒಟ್ಟಿಗೆ ಬರುವ ಆ ಸಣ್ಣ ಕುಂಯ್ ಕುಂಯ್ ಸದ್ದನ್ನು ಹಾಗೇ ಬಿಟ್ಟಿದ್ದೇನೆ.

ಮೂರನೇ ಕೇಬಲ್ಲಿನ ಪ್ಲಗ್ ಸಡಿಲವಾಗಿದೆ, ಅಲುಗಿಸಿದರೆ ಎಲ್‌ಟಿಸಿ ಬಿಟ್ಟುಬಿಟ್ಟು ಬರುತ್ತಿದೆ. ಶನಿವಾರ ಬಿಚ್ಚಿ ಮತ್ತೆ ಬೆಸುಗೆ ಹಾಕಬೇಕು. ಸಾಲ ಪಡೆದಿದ್ದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಬದಲು ನನ್ನದೇ ಮೂರು ಕಟ್ಟಿಕೊಳ್ಳಬೇಕು. ಮುಂದಿನ ತಿಂಗಳು ಇನ್ನೊಂದು ಸೆಷನ್ ಇದೆ, ಈ ಸಲ ಕೊಳಲು, ಓಬೋಗಳೂ ಇವೆ.